ಮಳೆ ಸುರಿಯುವ ಊರು, ನೀರು ಕೇಳುವ ಊರು: ಬೆಳಗಾವಿಯ ಯುವಜನರು ಮತ್ತು ಹವಾಮಾನ ನ್ಯಾಯ



ಹವಾಮಾನ ನ್ಯಾಯದ ಮಾತು ಬಂದ ಕೂಡಲೇ ನಮ್ಮ ಕಣ್ಣು ದೂರಕ್ಕೆ ಹೋಗುತ್ತದೆ. 2018ರ ಆಗಸ್ಟ್ 20ರಂದು ಶಾಲೆ ಬಿಟ್ಟು ಸ್ವೀಡನ್ ಸಂಸತ್ತಿನ ಮುಂದೆ ಕುಳಿತ ಗ್ರೇತಾ ಥುನ್‌ಬರ್ಗ್ ನೆನಪಾಗುತ್ತಾಳೆ. ಸಮುದ್ರ ಏರಿ ಬರುತ್ತಿರುವ ಪುಟ್ಟ ದ್ವೀಪಗಳು ನೆನಪಾಗುತ್ತವೆ. ಆ ದ್ವೀಪಗಳ ಮಾತಿಗೆ ಮುಂದೆ ಬರುತ್ತೇನೆ. ಮೊದಲು ನಮ್ಮದೇ ಜಿಲ್ಲೆಯ ಮಳೆಯ ಲೆಕ್ಕ ನೋಡೋಣ.

ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಎಷ್ಟೋ ವರ್ಷ 5,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಬೆಳಗಾವಿ ನಗರಕ್ಕೆ ಬರುವ ಹೊತ್ತಿಗೆ ಅದು 1,200, 1,300ಕ್ಕೆ ಇಳಿದಿರುತ್ತದೆ. ಅದೇ ನದಿಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ ಸವದತ್ತಿ ಸೀಮೆಯಲ್ಲಿ, ಇನ್ನೂ ಕೆಳಗೆ ರಾಮದುರ್ಗದಲ್ಲಿ, 600 ಮಿಲಿಮೀಟರ್ ಬಿದ್ದರೆ ಒಳ್ಳೆಯ ವರ್ಷ ಎನ್ನುತ್ತಾರೆ. ನದಿ ಒಂದೇ, ಜಿಲ್ಲೆ ಒಂದೇ. ಮೇಲಿನವರಿಗೆ ಮಳೆಯಿಂದ ಪಾರಾಗುವ ಚಿಂತೆ, ಕೆಳಗಿನವರಿಗೆ ಮಳೆ ಬರುವ ಚಿಂತೆ. ಈ ವ್ಯತ್ಯಾಸ ಹಳೆಯದು. ಅದಕ್ಕೆ ತಕ್ಕ ಬದುಕನ್ನು ನಮ್ಮ ಹಿರಿಯರು ಕಟ್ಟಿಕೊಂಡಿದ್ದರು. ಮೇಲೆ ಭತ್ತ, ಕೆಳಗೆ ಜೋಳ. ಈಗ ಆಗಿರುವುದು ಬೇರೆ. ಮಳೆಯ ನಡತೆಯೇ ಕೆಟ್ಟಿದೆ.

2019ರ ಆಗಸ್ಟ್ ಮೊದಲ ವಾರ ಇಲ್ಲಿರುವ ಹೆಚ್ಚಿನವರಿಗೆ ನೆನಪಿರಬೇಕು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದವು. ನಗರದ ಬಳ್ಳಾರಿ ನಾಲೆ ದಡ ಮೀರಿ ಶಹಾಪುರ, ವಡಗಾವಿ, ಯಳ್ಳೂರು ಭಾಗದ ಭತ್ತದ ಗದ್ದೆಗಳು ನೀರಿನಡಿ ಹೋದವು. ನವಿಲುತೀರ್ಥದಿಂದ ಬಿಟ್ಟ ನೀರು ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನುಗ್ಗಿ, ಪಟ್ಟದಕಲ್ಲಿನ ಗುಡಿಗಳ ಅಂಗಳದವರೆಗೆ ಹೋಯಿತು. ಅದಾಗಿ ನಾಲ್ಕೇ ವರ್ಷಕ್ಕೆ, 2023ರ ಜೂನಿನಲ್ಲಿ, ಬೆಳಗಾವಿಗೆ ಕುಡಿಯುವ ನೀರು ಕೊಡುವ ರಕ್ಕಸಕೊಪ್ಪ ಜಲಾಶಯದ ತಳ ಕಂಡಿತು. ಮಳೆ ಬರುವ ತಿಂಗಳಲ್ಲಿ ಮಳೆ ಬರಲಿಲ್ಲ. ಬಡಾವಣೆಗಳಲ್ಲಿ ನಲ್ಲಿ ನೀರಿಗೆ ವಾರಗಟ್ಟಲೆ ಕಾಯಬೇಕಾಯಿತು. ಆ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು.

ಈ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ಒಂದು ಪ್ರಶ್ನೆ ಕೇಳಿ: ಪೆಟ್ಟು ಯಾರಿಗೆ ಬಿತ್ತು? 2019ರಲ್ಲಿ ಮೊದಲು ಬಿದ್ದದ್ದು ಮಣ್ಣಿನ ಗೋಡೆಯ ಮನೆಗಳು. 2023ರಲ್ಲಿ ಟ್ಯಾಂಕರಿಗೆ ದುಡ್ಡು ಕೊಡಬಲ್ಲವರಿಗೆ ನೀರು ಬಂತು, ಕೊಡಲಾರದವರ ಮನೆಯ ಹೆಣ್ಣುಮಕ್ಕಳು ಕೊಡ ಹಿಡಿದು ನಿಂತರು. ಭೂಮಿಯ ಬಿಸಿ ಏರಿಸಿದ ಹೊಗೆಯಲ್ಲಿ ಈ ಮಂದಿಯ ಪಾಲು ತೀರಾ ಸಣ್ಣದು. ನಷ್ಟದಲ್ಲಿ ಮಾತ್ರ ಅವರ ಪಾಲು ದೊಡ್ಡದು. ಪರಿಸರ ಕಾಳಜಿ ಒಂದು, ಹವಾಮಾನ ನ್ಯಾಯದ ಹೋರಾಟ ಇನ್ನೊಂದು. ಮೊದಲನೆಯದು ಗಿಡ ನೆಡುತ್ತದೆ. ಎರಡನೆಯದು ಗಿಡವನ್ನೂ ನೆಟ್ಟು, ಯಾರ ಪಾಲಿನ ನಷ್ಟಕ್ಕೆ ಯಾರು ಹೊಣೆ ಎಂದು ಎದ್ದು ನಿಂತು ಕೇಳುತ್ತದೆ.

ನನ್ನ ವಾದವನ್ನು ಈಗಲೇ ಹೇಳಿಬಿಡುತ್ತೇನೆ. ಬೆಳಗಾವಿಯಲ್ಲಿ ಈ ಹೋರಾಟ ಕಟ್ಟಬೇಕೆನ್ನುವ ಹುಡುಗ ಹುಡುಗಿಯರು ಮೊದಲು ಖಾನಾಪುರದ ಕಾಡಿನೂರುಗಳಲ್ಲಿರುವ ತಮ್ಮದೇ ವಯಸ್ಸಿನವರ ಪಕ್ಕ ಹೋಗಿ ಕೂರಬೇಕು. ಅವರಿಲ್ಲದ ಹೋರಾಟ ಎಷ್ಟೇ ಜೋರಾಗಿ ನಡೆದರೂ ಅದು ನ್ಯಾಯದ ಹೋರಾಟ ಆಗುವುದಿಲ್ಲ.

ಆಮಗಾಂವದಿಂದ ಶುರು ಮಾಡುತ್ತೇನೆ. ಭೀಮಗಡ ವನ್ಯಜೀವಿ ಧಾಮ 2011ರ ಡಿಸೆಂಬರಿನಲ್ಲಿ ಘೋಷಣೆಯಾಯಿತು. ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಅದರೊಳಗೆ ಆಮಗಾಂವ, ತಳೇವಾಡಿ, ಗವ್ವಾಳಿ, ಪಾಸ್ತೊಳ್ಳಿ, ಕೊಂಗಳಾ, ಕೃಷ್ಣಾಪುರ, ದೇಗಾಂವ, ಹೀಗೆ ಹಲವು ಊರುಗಳಿವೆ. ಧಾಮ ಆಗುವ ಎಷ್ಟೋ ಮೊದಲಿನಿಂದ ಇದ್ದ ಊರುಗಳು ಇವು. 2024ರ ಜುಲೈನಲ್ಲಿ ಆಮಗಾಂವದ ಒಬ್ಬ ಹೆಣ್ಣುಮಗಳಿಗೆ ಜೀವಕ್ಕೇ ಕುತ್ತು ಬಂತು. ಹಳ್ಳಗಳು ತುಂಬಿ ಹರಿಯುತ್ತಿದ್ದವು, ವಾಹನ ಬರುವ ದಾರಿಯಿರಲಿಲ್ಲ. ಊರಿನವರು ಕಟ್ಟಿಗೆಯ ಸ್ಟ್ರೆಚರ್ ಮಾಡಿ ಆಕೆಯನ್ನು ಹೊತ್ತುಕೊಂಡು ಕಾಡು ದಾಟಿ, ಆಂಬುಲೆನ್ಸ್ ಸಿಗುವ ಚಿಕಲೆ ತನಕ ನಡೆದರು. ಆಸ್ಪತ್ರೆ ಮುಟ್ಟಿದರೂ ಆಕೆ ಉಳಿಯಲಿಲ್ಲ.

ಈ ಊರುಗಳಲ್ಲಿ ಅಂಥ ಸ್ಟ್ರೆಚರ್ ಕಟ್ಟುವುದು ಹೇಗೆಂದು ಹುಡುಗರಿಗೆ ಗೊತ್ತು. ಎರಡು ಗಟ್ಟಿ ಗಳ, ನಡುವೆ ಅಡ್ಡಕ್ಕೆ ಬಿಗಿದ ಕಟ್ಟಿಗೆ, ಮೇಲೆ ಕಂಬಳಿ, ಮಳೆಗೆ ಪ್ಲಾಸ್ಟಿಕ್ ತಾಡಪತ್ರಿ. ನಾಲ್ವರು ಹೊತ್ತರೆ ಇನ್ನು ನಾಲ್ವರು ಪಕ್ಕದಲ್ಲೇ ನಡೆಯಬೇಕು, ಹೆಗಲು ಬದಲಿಸಲಿಕ್ಕೆ. ಇಬ್ಬರು ಮುಂದೆ ಹೋಗಿ ಹಳ್ಳದ ಆಳ ನೋಡಬೇಕು. ಕಾಲಿಗೆ ಹತ್ತುವ ಇಂಬಳ ಕಿತ್ತು ಹಾಕಲಿಕ್ಕೂ ಕೈ ಬಿಡುವ ಹಾಗಿಲ್ಲ. ಪೇಟೆಯ ಹುಡುಗರು ಹವಾಮಾನ ಬದಲಾವಣೆಯನ್ನು ಪಠ್ಯದಲ್ಲಿ ಓದುವ ವಯಸ್ಸಿನಲ್ಲಿ ಕಾಡಿನ ಹುಡುಗರು ಅದನ್ನು ಹೆಗಲ ಮೇಲೆ ಹೊರುತ್ತಿದ್ದಾರೆ. ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ ಅಕ್ಕಿ, ಎಣ್ಣೆ, ಔಷಧಿ ಮೊದಲೇ ಕೂಡಿಟ್ಟುಕೊಳ್ಳುವ ರೂಢಿ ಈ ಊರುಗಳಿಗೆ ಹೊಸದಲ್ಲ. ಆದರೆ ಒಂದು ತಿಂಗಳ ಮಳೆ ಒಂದು ವಾರದಲ್ಲಿ ಸುರಿದರೆ ಹಳೆಯ ರೂಢಿ ಸಾಕಾಗುವುದಿಲ್ಲ.

ಇದೇ ಸೀಮೆಯ ತಳೇವಾಡಿ ವಿಜ್ಞಾನದ ಜಗತ್ತಿಗೆ ನೂರು ವರ್ಷಕ್ಕೂ ಹಿಂದಿನಿಂದ ಪರಿಚಿತ. ಅದರ ಹತ್ತಿರದ ಬಾರಾಪೇಡೆ ಗುಹೆಗಳಲ್ಲಿ ಸಿಕ್ಕ ಒಂದು ಬಾವಲಿಯನ್ನು 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಹೊಸ ಪ್ರಭೇದವೆಂದು ವರ್ಣಿಸಿದರು. ರಾಟನ್ನನ ಬಾವಲಿ ಎಂದು ಅದರ ಹೆಸರು. ಬಹಳ ಕಾಲ ಇಡೀ ಜಗತ್ತಿನಲ್ಲಿ ಅದು ಇದೊಂದೇ ಜಾಗದಲ್ಲಿದೆ ಎಂದು ನಂಬಲಾಗಿತ್ತು; ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಅದು ಕಂಡದ್ದು ಇತ್ತೀಚೆಗೆ. ಆ ಬಾವಲಿಗೆ ಸಿಕ್ಕ ಗಮನದ ಸ್ವಲ್ಪ ಭಾಗ ಗುಹೆಯ ಪಕ್ಕದ ಊರಿಗೂ ಸಿಗಬೇಕಿತ್ತು. ಸಿಕ್ಕದ್ದು ಸ್ಥಳಾಂತರದ ಪ್ರಸ್ತಾವ. ತಳೇವಾಡಿಯ 27 ಕುಟುಂಬಗಳು ತಲಾ 15 ಲಕ್ಷ ರೂಪಾಯಿ ಪರಿಹಾರಕ್ಕೆ ಒಪ್ಪಿ ಊರು ಬಿಡಲು ಮುಂದಾದವು; 2025ರ ಮೇ ತಿಂಗಳಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಮೊದಲ ಕಂತಿನ ಚೆಕ್ಕುಗಳನ್ನು ಕೊಟ್ಟರು. ಸ್ವಯಂಪ್ರೇರಿತ ಸ್ಥಳಾಂತರ ಎಂದು ಇದಕ್ಕೆ ಹೆಸರು.

ಹೋಗಬೇಕೆನ್ನುವವರು ಹೋಗಲಿ, ಆ ಹಕ್ಕು ಅವರದು. ಮಕ್ಕಳಿಗೆ ಶಾಲೆ, ಬಾಣಂತಿಗೆ ದವಾಖಾನೆ ಬೇಕೆನ್ನುವ ತಾಯಿಗೆ ಕಾಡಿನ ಮಹಿಮೆಯನ್ನು ಬೋಧಿಸುವ ಯೋಗ್ಯತೆ ನಮಗಾರಿಗೂ ಇಲ್ಲ. ನನ್ನ ತಕರಾರು ಬೇರೆ. ರಸ್ತೆ ಕೇಳಿದರೆ ಧಾಮದ ಕಾನೂನು, ಕಾಲುಸಂಕ ಕೇಳಿದರೆ ಧಾಮದ ಕಾನೂನು, ವಿದ್ಯುತ್ತು ಕೇಳಿದರೂ ಅದೇ. ಹೀಗೆ ವರ್ಷಗಟ್ಟಲೆ ಎಲ್ಲ ಬಾಗಿಲು ಮುಚ್ಚಿ, ಕೊನೆಗೆ ಒಂದೇ ಬಾಗಿಲು ತೆರೆದಿಟ್ಟರೆ ಅದರಲ್ಲಿ ಹೊರಟವರು ತಮ್ಮ ಇಚ್ಛೆಯಿಂದ ಹೊರಟರು ಎನ್ನಬಹುದೆ? ಅದೇ ಸೀಮೆಯಲ್ಲಿ ಗೋವಾಕ್ಕೆ ಹೋಗುವ ಹೆದ್ದಾರಿ ಅಗಲವಾಯಿತು, ರಸ್ತೆಯ ಎರಡೂ ಬದಿಯ ಹಳೆಯ ಮರಗಳು ಉರುಳಿದವು. ಜಾಂಬೋಟಿ ಕಡೆಗೆ ರೆಸಾರ್ಟುಗಳು ಎದ್ದವು. ಒಂದೇ ಕಾಡಿನಲ್ಲಿ ಎರಡು ಬಗೆಯ ಮಂದಿಗೆ ಎರಡು ಬಗೆಯ ಅಳತೆಗೋಲು ಹಿಡಿದದ್ದನ್ನು ನೋಡಿದ ಮೇಲೆ ಅನ್ಯಾಯ ಎನ್ನದೆ ಬೇರೆ ಏನು ಹೇಳಲಿ?

ಈಗ ನಗರದ ಹುಡುಗರ ವಿಷಯ. ಬೆಳಗಾವಿಯಲ್ಲಿ ಕಾಳಜಿಗೆ ಕೊರತೆಯಿಲ್ಲ. ಗ್ರೀನ್ ಸೇವಿಯರ್ಸ್ ಬಳಗದವರು ಭಾನುವಾರದ ಬೆಳಿಗ್ಗೆಗಳನ್ನು ಗಿಡ ನೆಡಲು ಮೀಸಲಿಟ್ಟಿದ್ದಾರೆ. ಪ್ಯಾಸ್ ಫೌಂಡೇಷನ್ನಿನವರು ಕೆರೆಗಳ ಹೂಳೆತ್ತಿಸಿದ್ದಾರೆ. ಇವರಿಗಿಂತ ಮೊದಲೇ, ಕಡೋಲಿಯ ಶಿವಾಜಿ ಕಾಗಣೀಕರ ಅವರು ತಾರುಣ್ಯದಲ್ಲೇ ಗಾಂಧಿ ದಾರಿ ಹಿಡಿದು, ಜನಜಾಗರಣ ಸಂಸ್ಥೆಯ ಗೆಳೆಯರ ಜೊತೆ ಕಟ್ಟಣಭಾವಿ ಸುತ್ತಿನ ಬೋಳುಗುಡ್ಡದ ಊರುಗಳಲ್ಲಿ ಇಂಗುಕೆರೆ ಕಟ್ಟಿಸಿದರು, ಗೋಬರ್ ಗ್ಯಾಸ್ ಮಾಡಿಸಿದರು, ಗಿಡ ಬೆಳೆಸಿದರು. ಬತ್ತಿದ ಬಾವಿಗಳಲ್ಲಿ ನೀರು ಬಂತು, ದುಡಿಯಲು ಪೇಟೆಗೆ ಹೋಗುತ್ತಿದ್ದವರು ಊರಲ್ಲಿ ಉಳಿದರು. ಮೈಮೇಲೆ ಖಾದಿ, ಹೆಗಲಿಗೆ ಚೀಲ, ಓಡಾಟಕ್ಕೆ ಕೆಂಪು ಬಸ್ಸು. ಇಷ್ಟರಲ್ಲೇ ಒಂದು ಆಯುಷ್ಯದ ಕೆಲಸ ಮಾಡಿದ ಅವರನ್ನು ಇಂದಿನ ವಿದ್ಯಾರ್ಥಿಗಳು ಹೋಗಿ ನೋಡಬೇಕು. ಅವರು ಊರಿಗೆ ಹೋದದ್ದು ಪಾಠ ಹೇಳಲಿಕ್ಕಲ್ಲ, ಊರಿನವರ ಜೊತೆ ಬದುಕಲಿಕ್ಕೆ. ಯಾವ ಗುಡ್ಡದ ನೀರು ಎಲ್ಲಿ ನಿಲ್ಲಬೇಕೆಂದು ಊರಿನವರೇ ತೋರಿಸಿದರು. ಖಾನಾಪುರ ತಾಲ್ಲೂಕಿನಲ್ಲಿ ಜಾಗೃತಿ ಮಹಿಳಾ ಒಕ್ಕೂಟ, ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಗಳು ಉದ್ಯೋಗ ಖಾತ್ರಿಯ ಕೆಲಸವನ್ನು ಹೋರಾಡಿ ಪಡೆದು ಕೆರೆ, ಬದು ಕಟ್ಟಿದ್ದೂ ಇದೇ ಬಗೆಯದು. ಸಲಿಕೆ ಹಿಡಿದ ಆ ಹೆಣ್ಣುಮಕ್ಕಳು ಹವಾಮಾನದ ಹೆಸರು ಹೇಳಲಿಲ್ಲ, ಅದರ ಕೆಲಸ ಮಾಡಿದರು.

ಅನಮೋಡ ಘಟ್ಟದ ಆಚೆ ನೋಡಿ. 2020ರಲ್ಲಿ ಗೋವಾದ ಯುವಜನರು ಆಮ್ಚೆಂ ಮೊಲ್ಲೆಂ ಎಂಬ ಚಳವಳಿ ಕಟ್ಟಿದರು. ಮೊಲ್ಲೆಂ ರಾಷ್ಟ್ರೀಯ ಉದ್ಯಾನ ಮತ್ತು ಭಗವಾನ್ ಮಹಾವೀರ ಧಾಮವನ್ನು ಸೀಳುವ ಮೂರು ಯೋಜನೆಗಳು ಅವರ ಎದುರಿಗಿದ್ದವು: ಹೆದ್ದಾರಿ ಅಗಲೀಕರಣ, ಗೋವಾ–ತಮ್ನಾರ್ ವಿದ್ಯುತ್ ಮಾರ್ಗ, ರೈಲು ಜೋಡಿಹಳಿ. ಚಿತ್ರ ಬರೆಯುವವರು ಚಿತ್ರ ಬರೆದರು, ಜೀವಶಾಸ್ತ್ರ ಓದಿದವರು ವರದಿಗಳ ತಪ್ಪು ಹೆಕ್ಕಿದರು, ವಕೀಲರು ಅರ್ಜಿ ಹಾಕಿದರು. ಆ ವರ್ಷದ ನವೆಂಬರ್ ಮೊದಲ ರಾತ್ರಿ ಚಾಂದೋರ್ ಊರಿನ ರೈಲು ಹಳಿಯ ಮೇಲೆ ಸಾವಿರಾರು ಮಂದಿ ಮೇಣದಬತ್ತಿ ಹಿಡಿದು ನಿಂತರು. 2022ರ ಮೇ 9ರಂದು ಸುಪ್ರೀಂ ಕೋರ್ಟು ಆ ಕಾಡಿನೊಳಗಿನ ಜೋಡಿಹಳಿಗೆ ವನ್ಯಜೀವಿ ಮಂಡಳಿ ಕೊಟ್ಟ ಒಪ್ಪಿಗೆಯನ್ನು ರದ್ದು ಮಾಡಿತು.

ಆ ಹಳಿ ಗೋವಾದಲ್ಲಿ ಮುಗಿಯುವುದಿಲ್ಲ. ಕ್ಯಾಸಲ್‌ರಾಕ್, ತಿನೈಘಾಟ್ ದಾಟಿ ಖಾನಾಪುರ ತಾಲ್ಲೂಕಿನ ಲೋಂಡಾಕ್ಕೆ ಬರುತ್ತದೆ. ಮುರ್ಮುಗೋವಾ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಲೋಂಡಾ ನಿಲ್ದಾಣದ ಮೇಲೆ ಹಾದು ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತದೆ. ಭೂಮಿ ಬಿಸಿಯಾಗಲು ಮುಖ್ಯ ಕಾರಣವಾದ ವಸ್ತು ನಮ್ಮ ಕಣ್ಣೆದುರಿಗೇ, ವ್ಯಾಗನ್ ತುಂಬಿ, ಮಲಪ್ರಭೆ ಮಹದಾಯಿಗಳ ಕಾಡನ್ನು ದಾಟಿ ಹೋಗುತ್ತಿದೆ. ಗೋವಾದ ಹುಡುಗರು ಅದನ್ನು ಕಂಡು ಕೇಳಿದರು. ಘಟ್ಟದ ಈ ಬದಿಯಲ್ಲಿ ನಾವು ಅದನ್ನು ಕೇಳಲಿಲ್ಲ. ಹಾಗೆಂದು ಗೋವಾದ ದಾರಿಯೇ ನಮ್ಮ ದಾರಿ ಎಂದಲ್ಲ. ಅವರ ಕಾಡು ಮತ್ತು ನಮ್ಮ ಕಾಡು ಒಂದೇ ಆದರೂ ನೀರಿನ ಪ್ರಶ್ನೆಯಲ್ಲಿ ಅವರು ಎದುರುಗಡೆ ಕೂತಿದ್ದಾರೆ.

ಹಾಗಾಗಿ ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಯ ಮಾತು ಆಡದೆ ಈ ಉಪನ್ಯಾಸ ಮುಂದೆ ಹೋಗುವಂತಿಲ್ಲ. ಇಲ್ಲಿ ಎಚ್ಚರದಿಂದ ಮಾತಾಡಬೇಕು, ಏಕೆಂದರೆ ಇಲ್ಲಿ ಎರಡೂ ಕಡೆ ನೊಂದವರೇ ಇದ್ದಾರೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಸಿಕ್ಕದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ. ಪರಿಷ್ಕೃತ ಯೋಜನಾ ವರದಿಗೆ 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗದ ಒಪ್ಪಿಗೆ ಬಂತು. ಕಳಸಾ ಭಾಗಕ್ಕೆ ಬೇಕಾದ ಹತ್ತು ಹೆಕ್ಟೇರಿಗಿಂತ ತುಸು ಹೆಚ್ಚಿನ ಅರಣ್ಯದ ಪ್ರಸ್ತಾವವನ್ನು 2024ರ ಜನವರಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿ ಮುಂದೂಡಿತು. ಒಂದು ಕಡೆ ನರಗುಂದ, ನವಲಗುಂದದ ರೈತರು 2015ರಿಂದ ಪೆಂಡಾಲು ಹಾಕಿ ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಇನ್ನೊಂದು ಕಡೆ ಖಾನಾಪುರದ ಕಾಡು ಹೋದರೆ ಮಲಪ್ರಭೆಯೇ ಬತ್ತುತ್ತಾಳೆ ಎಂದು ಬೆಳಗಾವಿಯ ಪರಿಸರಾಸಕ್ತರು ಬೀದಿಗಿಳಿದಿದ್ದಾರೆ.

ನರಗುಂದದ ರೈತನೂ ಕೆಟ್ಟ ಮಳೆಯ ಪೆಟ್ಟು ತಿಂದವನೇ. 1980ರ ಜುಲೈ 21ರಂದು ಇದೇ ಮಲಪ್ರಭಾ ಅಚ್ಚುಕಟ್ಟಿನ ನವಲಗುಂದ, ನರಗುಂದಗಳಲ್ಲಿ ರೈತರು ನೀರು ಬರದ ಹೊಲಕ್ಕೂ ಅಭಿವೃದ್ಧಿ ಕರ ಹಾಕಿದ್ದನ್ನು ಪ್ರಶ್ನಿಸಿ ಎದ್ದರು, ಗೋಲಿಬಾರ್ ನಡೆಯಿತು, ಹೆಣ ಬಿದ್ದವು. ಕರ್ನಾಟಕದ ರೈತ ಚಳವಳಿಗೆ ಹೊಸ ಹುಟ್ಟು ಸಿಕ್ಕಿದ್ದು ಅಲ್ಲಿ. ಅವರು ಇವತ್ತು ಕುಡಿಯುವ ನೀರು ಕೇಳಿದರೆ ಅದು ತಪ್ಪು ಎನ್ನುವ ಪರಿಸರವಾದ ನನಗೆ ಬೇಡ. ಅಷ್ಟೇ ಬೇಡವಾದದ್ದು, ಕಾಡಿನ ಮಾತೆತ್ತಿದವರನ್ನೆಲ್ಲ ನಾಡದ್ರೋಹಿ ಎನ್ನುವ ಅಭಿಮಾನ. ಈ ಎರಡರ ನಡುವೆ ಯುವಜನರು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಸುಮಾರು 37 ಟಿಎಂಸಿ ಹಿಡಿಯುವ ನವಿಲುತೀರ್ಥ ಅನೇಕ ವರ್ಷ ಯಾಕೆ ತುಂಬುವುದಿಲ್ಲ? ಹಗುರ ನೀರಾವರಿಗೆಂದು ಲೆಕ್ಕ ಹಾಕಿದ ಅಚ್ಚುಕಟ್ಟಿನಲ್ಲಿ ಕಬ್ಬು ಯಾಕೆ ಹಬ್ಬಿತು, ಅದರ ಲಾಭ ಯಾರಿಗೆ ಹೋಯಿತು? ಕಣಕುಂಬಿಯ ಸುತ್ತ ಕಾಡು ತೆಳುವಾದ ಹಾಗೆ ನದಿಯ ಬೇಸಿಗೆ ಹರಿವು ಏನಾಯಿತು? ತಿರುಗಿಸಲು ಸಿಕ್ಕ 3.9 ಟಿಎಂಸಿಯ ಪಕ್ಕದಲ್ಲಿ ಈ ಲೆಕ್ಕಗಳನ್ನೂ ಇಡಬೇಕು. ಇಟ್ಟಾಗ ಗೊತ್ತಾಗುತ್ತದೆ: ನರಗುಂದಕ್ಕೆ ನೀರು ಬೇಕಾದರೂ ಖಾನಾಪುರದ ಕಾಡು ಉಳಿಯಬೇಕು, ಕಾಡು ಉಳಿಯಬೇಕಾದರೆ ಅಲ್ಲಿನ ಮಂದಿ ಅದರ ಯಜಮಾನರಾಗಿ ಉಳಿಯಬೇಕು. ಕೆಳಗಿನ ರೈತನ ಮಗನಿಗೂ ಮೇಲಿನ ಊರಿನ ಹುಡುಗಿಗೂ ಜಗಳವಿಲ್ಲ. ಇದ್ದಂತೆ ಕಾಣುವುದು ಅವರಿಬ್ಬರೂ ಒಂದೇ ಚಾಪೆಯ ಮೇಲೆ ಇದುವರೆಗೆ ಕೂತಿಲ್ಲವಾದ್ದರಿಂದ. ಕೂರಿಸುವ ಕೆಲಸ ಬೆಳಗಾವಿಯ ವಿದ್ಯಾರ್ಥಿಗಳದ್ದು. ಊರು ನಡುವೆ ಇದೆ, ಎರಡೂ ಕಡೆಗೆ ಬಸ್ಸು ಇದೆ, ಎರಡೂ ಕಡೆಯ ಮಕ್ಕಳು ಇಲ್ಲಿನ ಹಾಸ್ಟೆಲುಗಳಲ್ಲಿದ್ದಾರೆ.

ಯುವಜನರ ಹೋರಾಟ ನಮಗೆ ಹೊರಗಿನಿಂದ ಬಂದದ್ದಲ್ಲ ಎಂಬುದಕ್ಕೆ ಎರಡು ನೆನಪು ಸಾಕು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಅಪ್ಪಿಕೊ ಚಳವಳಿ ಶುರುವಾದಾಗ ಮರ ತಬ್ಬಿ ನಿಂತವರಲ್ಲಿ ಸುತ್ತಲಿನ ಊರುಗಳ ಯುವಕ ಮಂಡಳಿಗಳ ಹುಡುಗರಿದ್ದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದವರು ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಮಾಡಿದರು. ಊರಿನ ಸಾಮೂಹಿಕ ಭೂಮಿಯಲ್ಲಿ ಕಾರ್ಖಾನೆಗಾಗಿ ನೆಟ್ಟ ನೀಲಗಿರಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. ಆ ಭೂಮಿಯನ್ನು ಹಿಡಿದಿದ್ದ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಸರಕಾರ ಕೊನೆಗೆ ಮುಚ್ಚಬೇಕಾಯಿತು. ಈ ಭೂಮಿ ಯಾರದು, ಲಾಭ ಯಾರಿಗೆ ಎಂದು ಅವರು ಅಂದೇ ಕೇಳಿದ್ದರು.

ಕಾನೂನು ಓದುವ ವಿದ್ಯಾರ್ಥಿಗಳು ಇಲ್ಲಿ ಹಲವರಿದ್ದೀರಿ. ನಿಮಗೆ ಒಂದು ಹೆಸರು ನೆನಪಿಸಬೇಕು. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯನವರು ಇದೇ ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ ಓದಿದವರು. ಗಂಗಾ ಮಾಲಿನ್ಯದ ಪ್ರಕರಣದಲ್ಲಿ 1988ರ ಜನವರಿಯಲ್ಲಿ ಕಾನ್ಪುರ ನಗರಸಭೆಯ ವಿರುದ್ಧ ತೀರ್ಪು ಬರೆದವರು ಅವರು. ಅರ್ಜಿ ಹಾಕಿದ ಎಂ.ಸಿ. ಮೆಹ್ತಾ ಗಂಗೆಯ ದಡದ ಜಮೀನುದಾರರಲ್ಲ. ಆದರೂ ಆ ನೀರನ್ನು ಬಳಸುವವರ ಜೀವದ ಬಗ್ಗೆ ಕಾಳಜಿಯುಳ್ಳವನಿಗೆ ಕೋರ್ಟಿಗೆ ಬರುವ ಹಕ್ಕಿದೆ ಎಂದು ಆ ತೀರ್ಪು ಹೇಳಿತು. ಇನ್ನೊಂದು ಮಾತನ್ನೂ ಹೇಳಿತು: ಸಂವಿಧಾನದ 51-ಎ (ಜಿ) ವಿಧಿಯ ಕರ್ತವ್ಯವನ್ನು ನೆನೆದು, ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಲ್ಲಿ ವಾರಕ್ಕೆ ಕನಿಷ್ಠ ಒಂದು ತಾಸು ಪರಿಸರ ರಕ್ಷಣೆಯ ಪಾಠ ನಡೆಯುವಂತೆ ಕೇಂದ್ರ ಸರಕಾರ ನೋಡಿಕೊಳ್ಳಬೇಕು. ಶಾಲೆಗಳಲ್ಲಿ ಇಂದು ಪರಿಸರ ಪಾಠ ಇದ್ದರೆ ಅದರ ಹಿಂದೆ ಇಲ್ಲಿ ಓದಿದವರ ಕೈ ಇದೆ. ಆ ಒಂದು ತಾಸಿನಲ್ಲಿ ಬಳ್ಳಾರಿ ನಾಲೆಯ ಪಾಠ ನಡೆಯುತ್ತಿದೆಯೇ, ಆಮಗಾಂವದ ಪಾಠ ನಡೆಯುತ್ತಿದೆಯೇ ಎಂದು ಇಲ್ಲಿರುವ ಅಧ್ಯಾಪಕರು ಕೇಳಿಕೊಳ್ಳಬೇಕು.

ಈಗ ಆರಂಭದಲ್ಲಿ ಹೇಳಿದ ಆ ದ್ವೀಪಗಳ ಮಾತು. 2019ರಲ್ಲಿ ಶಾಂತಸಾಗರದ ವನುವಾಟುವಿನಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳಿಗೆ ತರಗತಿಯಲ್ಲಿ ಒಂದು ಯೋಚನೆ ಹೊಳೆಯಿತು: ಹವಾಮಾನದ ವಿಷಯದಲ್ಲಿ ದೇಶಗಳ ಹೊಣೆ ಏನೆಂದು ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಿದರೆ ಹೇಗೆ? ತಮ್ಮ ದೇಶಗಳ ನಾಯಕರಿಗೆ ಪತ್ರ ಬರೆದರು. ವನುವಾಟು ಸರಕಾರ ಅದನ್ನು ಎತ್ತಿಕೊಂಡಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿತು. 2025ರ ಜುಲೈ 23ರಂದು ಹೇಗ್‌ನ ನ್ಯಾಯಾಲಯ ತನ್ನ ಅಭಿಪ್ರಾಯ ಕೊಟ್ಟಿತು: ಹವಾಮಾನವನ್ನು ಕಾಯುವುದು ದೇಶಗಳ ಕಾನೂನುಬದ್ಧ ಹೊಣೆ, ಆ ಹೊಣೆ ಮುರಿದರೆ ಪರಿಹಾರ ಕೇಳಬಹುದು. ನಮ್ಮ ಸುಪ್ರೀಂ ಕೋರ್ಟು ಅದಕ್ಕೂ ಮೊದಲೇ, 2024ರ ಮಾರ್ಚ್ 21ರ ರಂಜಿತ್‌ಸಿಂಹ ತೀರ್ಪಿನಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು 14 ಮತ್ತು 21ನೇ ವಿಧಿಗಳಿಂದ ಬರುವ ಹಕ್ಕು ಎಂದು ಗುರುತಿಸಿತ್ತು. ದೊಡ್ಡ ಹಕ್ಕು ಕಾಗದದ ಮೇಲೆ ಬಂದಾಗಿದೆ. ಅದನ್ನು ಆಮಗಾಂವದ ಹಳ್ಳದ ತನಕ ಒಯ್ಯುವವರು ಬೇಕಾಗಿದ್ದಾರೆ.

ಇಲ್ಲಿ ತಂದೆ ತಾಯಿಗಳ ಭಯವನ್ನೂ ಮಾತಾಡಬೇಕು. ಹೋರಾಟಕ್ಕೆ ಹೋದರೆ ಕೇಸು ಬೀಳುತ್ತದೆ, ನೌಕರಿ ಸಿಗುವುದಿಲ್ಲ, ಪಾಸ್‌ಪೋರ್ಟಿಗೆ ತೊಂದರೆ ಆಗುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ. ಅದು ಸುಳ್ಳು ಭಯವಲ್ಲ. ಬೆಂಗಳೂರಿನ ಹವಾಮಾನ ಹೋರಾಟಗಾರ್ತಿ ದಿಶಾ ರವಿ 22ರ ವಯಸ್ಸಿನಲ್ಲಿ, 2021ರ ಫೆಬ್ರವರಿ 13ರಂದು, ರೈತ ಹೋರಾಟದ ಒಂದು ಟೂಲ್‌ಕಿಟ್ ವಿಷಯದಲ್ಲಿ ಬಂಧನಕ್ಕೊಳಗಾದಳು. ಹತ್ತು ದಿನಗಳ ನಂತರ ದೆಹಲಿಯ ನ್ಯಾಯಾಧೀಶರು ಸರಕಾರದ ನೀತಿಯನ್ನು ಒಪ್ಪದಿರುವುದು ಅಪರಾಧವಲ್ಲ ಎಂಬ ನಿಲುವಿನಿಂದ ಜಾಮೀನು ಕೊಟ್ಟರು. ಆಕೆ ಈ ದಾರಿಗೆ ಬರಲು ಒಂದು ಕಾರಣ, ಬೇಸಾಯ ಮಾಡುತ್ತಿದ್ದ ಅಜ್ಜ ಅಜ್ಜಿ ನೀರಿಗಾಗಿ ಪಟ್ಟ ಪಾಡು. ನಮ್ಮ ಮನೆಗಳಲ್ಲಿ ಅಂಥ ಅಜ್ಜ ಅಜ್ಜಿ ಇಲ್ಲವೆ? ಮಕ್ಕಳನ್ನು ತಡೆಯುವ ಹಿರಿಯರಿಗೆ ನಾನು ಕೇಳುವುದು ಇಷ್ಟೇ. ಒಬ್ಬಂಟಿ ಹುಡುಗಿಯ ಮೇಲೆ ಕೇಸು ಹಾಕುವುದು ಸುಲಭ. ಅವಳ ಪಕ್ಕದಲ್ಲಿ ಅಧ್ಯಾಪಕರು, ವಕೀಲರು, ತಾಯಂದಿರು ನಿಂತರೆ ಅಷ್ಟು ಸುಲಭವಲ್ಲ. ಭಯ ಇದ್ದರೆ ಜೊತೆಗೆ ಬನ್ನಿ.

ಭಾಷೆಯ ಮಾತನ್ನೂ ಈ ಊರಿನಲ್ಲಿ ನಿಂತು ಹೇಳದಿರಲಾರೆ. ಕನ್ನಡದ ಬಗ್ಗೆ ನನಗಿರುವ ಅಭಿಮಾನ ಯಾರಿಗಿಂತಲೂ ಕಡಿಮೆಯಿಲ್ಲ. ಆದರೆ ಖಾನಾಪುರದ ಕಾಡಿನೂರುಗಳಲ್ಲಿ ಹೆಚ್ಚಿನ ಮನೆಗಳ ಮಾತು ಮರಾಠಿ, ಕೊಂಕಣಿ ಬೆರೆತ ಮರಾಠಿ. ಗೌಳಿಗರ ಮಾತು ಇನ್ನೊಂದು ಬಗೆ. ಬಯಲಿನ ಊರುಗಳದು ಕನ್ನಡ. ಗಡಿ ಜಗಳದ ನೆರಳಿನಲ್ಲಿ ಈ ಮಕ್ಕಳು ಪರಸ್ಪರ ಮಾತಾಡಿಸದೆ ಬೆಳೆದರೆ ಇಬ್ಬರ ನೀರೂ ಹೋಗುತ್ತದೆ. ಬಳ್ಳಾರಿ ನಾಲೆ ಉಕ್ಕಿದಾಗ ಯಳ್ಳೂರಿನ ಗದ್ದೆಯೂ ಹಲಗಾದ ಗದ್ದೆಯೂ ಮುಳುಗುತ್ತವೆ. ಹಲಗಾ–ಮಚ್ಛೆ ಬೈಪಾಸಿಗೆ ಫಲವತ್ತಾದ ಭೂಮಿ ಕೊಡುವುದಿಲ್ಲವೆಂದು, 2021ರ ನವೆಂಬರಿನಲ್ಲಿ ನಿಂತ ಬೆಳೆಯ ಮೇಲೆ ಯಂತ್ರ ಓಡಿದಾಗ ಎದುರು ನಿಂತ ರೈತರಲ್ಲಿ ಎರಡೂ ಭಾಷೆಯವರಿದ್ದರು. ಹವಾಮಾನ ನ್ಯಾಯದ ಕರಪತ್ರ ಬೆಳಗಾವಿಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚಾಗಬೇಕು, ಅದನ್ನು ಕನ್ನಡದ ಹುಡುಗರೇ ಅಚ್ಚು ಹಾಕಿಸಬೇಕು. ಇದರಿಂದ ಕನ್ನಡಕ್ಕೆ ಮರ್ಯಾದೆ ಹೆಚ್ಚುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ.

ಏನು ಮಾಡಬೇಕು ಎಂದು ಕೇಳುತ್ತೀರಿ. ಮೊದಲ ಕೆಲಸ ಅರಣ್ಯ ಹಕ್ಕಿನದು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದರೆಂದು ತೋರಿಸಬೇಕು. ದನ ಮೇಯಿಸಿಕೊಂಡು ಬದುಕಿದ ಗೌಳಿಗರ ಮುದುಕನ ಹತ್ತಿರ 1930ರ ಕಾಗದ ಎಲ್ಲಿಂದ ಬರಬೇಕು? ಆದರೆ ಕಾಗದವೊಂದೇ ಪುರಾವೆಯಲ್ಲ ಎಂದು ಅದೇ ಕಾಯಿದೆಯ ನಿಯಮಗಳು ಹೇಳುತ್ತವೆ. ಹಿರಿಯರ ಹೇಳಿಕೆ, ಹಳೆಯ ಬಾವಿ, ಸ್ಮಶಾನ, ದೇವರ ಬನ ಎಲ್ಲವೂ ಪುರಾವೆ. ಇವನ್ನು ಬರೆದುಕೊಳ್ಳಲು, ನಕ್ಷೆ ಮಾಡಲು, ಹಳೆಯ ದಫ್ತರ ಹುಡುಕಲು ಕಾನೂನು ವಿದ್ಯಾರ್ಥಿಗಳೂ ಭೂಗೋಳದ ವಿದ್ಯಾರ್ಥಿಗಳೂ ಒಂದು ರಜೆ ಕೊಡಬಹುದು. ಕಾಡಿನ ಮೇಲೆ ಹಕ್ಕಿರುವ ಗ್ರಾಮಸಭೆಯನ್ನು ಕೇಳದೆ ಯಾವ ಯೋಜನೆಗೂ ಆ ಕಾಡನ್ನು ಕೊಡುವುದು ಸುಲಭವಾಗುವುದಿಲ್ಲ.

ಇನ್ನು ಚಿಕ್ಕವರ ಪಾಲು. ನಮ್ಮ ರಾಜ್ಯದಲ್ಲಿ ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಮಕ್ಕಳ ಹಕ್ಕುಗಳ ಗ್ರಾಮಸಭೆ ನಡೆಸಬೇಕು. ಎಷ್ಟೋ ಕಡೆ ಅದು ಹಾಡು, ಭಾಷಣ, ಬಿಸ್ಕತ್ತಿನಲ್ಲಿ ಮುಗಿಯುತ್ತದೆ. ಮಳೆಗಾಲದಲ್ಲಿ ಶಾಲೆಗೆ ಎಷ್ಟು ದಿನ ಹೋಗಲಾಗಲಿಲ್ಲ, ಯಾವ ಹಳ್ಳಕ್ಕೆ ಕಾಲುಸಂಕ ಬೇಕು, ಊರಿನ ಬಾವಿ ಯಾವ ತಿಂಗಳಿಗೆ ಬತ್ತಿತು ಎಂದು ಮಕ್ಕಳು ಬರೆದುಕೊಂಡು ಹೋಗಿ ಅಲ್ಲಿ ಓದಿದರೆ ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ದಾಖಲಾದದ್ದಕ್ಕೆ ಉತ್ತರ ಕೇಳುವುದು ದೊಡ್ಡವರ ಕೆಲಸ.

ವಿದ್ಯಾರ್ಥಿಗಳೆ, ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾದ ಮೇಲೆ ಚಳಿಗಾಲದ ಅಧಿವೇಶನಕ್ಕೆ ರಾಜ್ಯದ ಮೂಲೆ ಮೂಲೆಯಿಂದ ಮಂದಿ ಬಂದು ಬಸ್ತವಾಡ, ಕೊಂಡಸಕೊಪ್ಪದ ಪೆಂಡಾಲುಗಳಲ್ಲಿ ಧರಣಿ ಕೂರುತ್ತಾರೆ. ನಮ್ಮ ಮನೆ ಬಾಗಿಲಲ್ಲೇ ಸರಕಾರ ಹತ್ತು ದಿನ ಕೂತಿರುತ್ತದೆ. ಬರುವ ಅಧಿವೇಶನಕ್ಕೆ ಅಲ್ಲಿ ಒಂದು ಪೆಂಡಾಲು ನಿಮ್ಮದೂ ಇರಲಿ. ಖಾನಾಪುರದ ಕಾಡಿನೂರುಗಳಿಗೆ ಮಳೆಗಾಲದ ಮೊದಲೇ ಕಾಲುಸಂಕ ಮತ್ತು ದವಾಖಾನೆ, ಅರಣ್ಯ ಹಕ್ಕಿನ ಬಾಕಿ ಅರ್ಜಿಗಳ ಇತ್ಯರ್ಥ, ಮಲಪ್ರಭೆಯ ಮೂಲದ ಕಾಡಿಗೆ ರಕ್ಷಣೆ, ನರಗುಂದಕ್ಕೆ ಕುಡಿಯುವ ನೀರು, ಬಳ್ಳಾರಿ ನಾಲೆಯ ದುರಸ್ತಿ, ಇಷ್ಟನ್ನೂ ಒಂದೇ ಮನವಿಯಲ್ಲಿ ಬರೆಯಿರಿ. ಬರೆಯುವ ಮೊದಲು ಆಮಗಾಂವಕ್ಕೆ ಹೋಗಿ ಬನ್ನಿ, ನರಗುಂದಕ್ಕೂ ಹೋಗಿ ಬನ್ನಿ. ಅಲ್ಲಿನ ನಿಮ್ಮ ಓರಗೆಯವರನ್ನು ಕರೆತಂದು ಪೆಂಡಾಲಿನ ಮುಂದಿನ ಸಾಲಿನಲ್ಲಿ ಕೂರಿಸಿ, ಮೊದಲ ಮಾತು ಅವರಾಡಲಿ, ಮನವಿಯ ಮೊದಲ ಸಹಿ ಅವರದಾಗಿರಲಿ.